ಉದ್ದ ಹೆಸರಿನ ಕಥೆ ಬಂದಲ್ಲಿ ನಿಂತ ಜಿಪ್

ಹಳೆಯ ಕನ್ನಡ ಪತ್ರಿಕೆಗಳನ್ನು ಸ್ಕ್ಯಾನ್ ಮಾಡುವ ಸಣ್ಣ ಬಳಗವೊಂದಕ್ಕೆ ಬಿಡುವಿನಲ್ಲಿ ಕೋಡ್ ಕೆಲಸ ಮಾಡಿಕೊಡುತ್ತೇನೆ. ಒಂದೊಂದು ಕಥೆಗೆ ಒಂದು ಪಿಡಿಎಫ್. ಕಥೆಯ ಹೆಸರು, ಬರೆದವರ ಹೆಸರು, ಸಂಚಿಕೆಯ ತಿಂಗಳು, ಎಲ್ಲ ಸೇರಿ ಫೈಲಿನ ಹೆಸರು, ಅದೂ ಕನ್ನಡದಲ್ಲೇ. ಸಂಚಿಕೆಯನ್ನು ಜಿಪ್ ಮಾಡಿ, ಅಂದರೆ ಎಲ್ಲ ಫೈಲುಗಳನ್ನು ಒಂದೇ ಕಟ್ಟಾಗಿ ಮಾಡಿ, ಅಮೆಜಾನಿನ ಆನ್‌ಲೈನ್ ಉಗ್ರಾಣ ಎಸ್‌ಥ್ರೀಗೆ ಹಾಕಿದರೆ ಸಾಕು, ಲ್ಯಾಂಬ್ಡಾ ಫಂಕ್ಷನ್ ಒಂದು (ಬೇಕಾದಾಗ ಮಾತ್ರ ಅಮೆಜಾನಿನ ಯಂತ್ರದಲ್ಲಿ ಓಡುವ ಕೋಡ್) ತಾನಾಗಿ ಎದ್ದು ಅದನ್ನು ಬಿಚ್ಚಿ ಜೋಡಿಸಿಡುತ್ತದೆ.

ಆವತ್ತು ಬೆಳಿಗ್ಗೆ ಬಳಗದ ಮೇಷ್ಟ್ರು ಫೋನ್ ಮಾಡಿದರು. "ಹೊಸ ಸಂಚಿಕೆ ಅರ್ಧ ಮಾತ್ರ ಬಂದಿದೆ, ನೋಡ್ತೀರಾ? ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗೇ ಬಿಚ್ಚಿಕೊಳ್ಳುತ್ತೆ" ಅಂದರು.

ಕೋಡ್ ಓಡಿದ ವಿವರ ಬರೆದಿಡುವ ಲಾಗಿನ ಕೊನೆಯಲ್ಲಿ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’, ಅಂದರೆ ಜಾಗ ಮುಗಿಯಿತು, ಅಂತ ಇತ್ತು. ಲ್ಯಾಂಬ್ಡಾದಲ್ಲಿ ಬರೆಯಲು ಸಿಗುವುದು ತಾತ್ಕಾಲಿಕ ಫೈಲುಗಳ ಟೆಂಪ್ ಫೋಲ್ಡರ್ ಒಂದೇ. ಸುಮ್ನೆ ಬಿಟ್ಟರೆ ಅದು 512 ಎಂಬಿ. ಕೇಳಿದರೆ 10,240 ಎಂಬಿ ತನಕ ಕೊಡುತ್ತಾರೆ. ಜಾಗ ಜಾಸ್ತಿ ಮಾಡಿ ಮತ್ತೆ ಓಡಿಸಿದೆ. ಜಾಗದ ಗೊಣಗು ಹೋಯಿತು, ಸಂಚಿಕೆ ಮಾತ್ರ ಅರ್ಧದಲ್ಲೇ ನಿಂತಿತು. ಈಗ ಬಂದ ದೋಷವೇ ಬೇರೆ: ‘ಫೈಲ್ ನೇಮ್ ಟೂ ಲಾಂಗ್’.

ಲಾಗನ್ನು ಮೇಲಿನಿಂದ ಓದಿದಾಗ ಗೊತ್ತಾಯಿತು, ಮೊದಲು ಬಂದ ದೋಷವೂ ಇದೇ. ಎಸ್‌ಥ್ರೀ ಎಬ್ಬಿಸಿದ ಫಂಕ್ಷನ್ ಸೋತರೆ ಲ್ಯಾಂಬ್ಡಾ ಅದನ್ನು ಇನ್ನೂ 2 ಸಲ ಓಡಿಸುತ್ತದೆ. ಹಾಗೆ ಓಡುವಾಗ ಹಿಂದಿನ ಯಂತ್ರವೇ ಮತ್ತೆ ಸಿಗಬಹುದು, ಟೆಂಪ್‌ನಲ್ಲಿ ಉಳಿದದ್ದೆಲ್ಲ ಹಾಗೇ ಇರಬಹುದು. ನಡುವೆ ಸೋತ ಕೋಡ್ ಗುಡಿಸುವ ಸಾಲಿನ ತನಕ ಬರುವುದೇ ಇಲ್ಲ. ಪ್ರತಿ ಸಲವೂ ಹೊಸ ಫೋಲ್ಡರ್, ಅದರಲ್ಲಿ ಅರ್ಧ ಸಂಚಿಕೆ. ಜಾಗ ತುಂಬದೆ ಏನಾದೀತು?

ಹಾಗಾದರೆ ಹೆಸರು ಉದ್ದ ಅಂದರೇನು? ಲ್ಯಾಂಬ್ಡಾ ಓಡುವುದು ಲಿನಕ್ಸಿನಲ್ಲಿ, ಅಲ್ಲಿ ಫೈಲಿನ ಹೆಸರಿಗೆ 255 ಬೈಟ್ ಮಿತಿ. ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ 3 ಬೈಟ್ ಬೇಕು. ಲೆಕ್ಕ ಹಾಕಿದರೆ ಮೇಷ್ಟ್ರ ಹೆಸರುಗಳು ಆರಾಮಾಗಿ ಹಿಡಿಸಬೇಕಿತ್ತು. ಆದರೆ ಲಾಗಿನಲ್ಲಿದ್ದ ಹೆಸರು ಕನ್ನಡವೇ ಅಲ್ಲ. ಗ್ರೀಕ್ ಆಲ್ಫಾ, ಪಕ್ಕದಲ್ಲಿ ಒಂದು ಮಸುಕು ಚೌಕ ಅಥವಾ ನೆಟ್ಟಗಿನ ಗೆರೆ, ಆಮೇಲೆ ಇನ್ನೊಂದು ಗುರುತು. ಮತ್ತೆ ಆಲ್ಫಾ. ಸಾಲಿಡೀ ಹೀಗೇ.

ಜಿಪ್ 1989ರದ್ದು. ಆಗ ಹೆಸರು ಬರೆಯಲು ಇದ್ದದ್ದು ಹಳೆಯ ಐಬಿಎಂ ಪಿಸಿಯ ಕೋಡ್ ಪೇಜ್ 437, ಯಾವ ಬೈಟಿಗೆ ಯಾವ ಅಕ್ಷರ ಅಂತ ಹೇಳುವ ಪಟ್ಟಿ. ‘ಈ ಹೆಸರು ಯುಟಿಎಫ್-8’ ಅಂತ ಹೇಳುವ ಗುರುತಿನ ಬಿಟ್ ಬಂದದ್ದು 2006ರಲ್ಲಿ. ಮೇಷ್ಟ್ರ ಜಿಪ್ ತಂತ್ರಾಂಶ ಹೆಸರನ್ನು ಯುಟಿಎಫ್-8ನಲ್ಲೇ ಬರೆದಿತ್ತು, ಆ ಗುರುತು ಮಾತ್ರ ಹಾಕಿರಲಿಲ್ಲ. ಗುರುತು ಇಲ್ಲದಿದ್ದರೆ ನಮ್ಮ ಕೋಡಿನ ಭಾಷೆ ಪೈಥಾನ್ ಅದನ್ನು 437 ಅಂತಲೇ ಓದುತ್ತದೆ. ಒಂದೊಂದು ಬೈಟ್ ಒಂದೊಂದು ಅಕ್ಷರವಾಗುತ್ತದೆ. ಡಿಸ್ಕಿಗೆ ಬರೆಯುವಾಗ ಆ ಅಕ್ಷರಗಳಿಗೆ ಮತ್ತೆ ಎರಡೋ ಮೂರೋ ಬೈಟ್. ‘ಕ್ಷ’ ನೋಡಿ. ಕ, ಅರ್ಧಾಕ್ಷರದ ಚಿಹ್ನೆ, ಷ ಸೇರಿ 9 ಬೈಟ್. ಈ ದಾರಿಯಲ್ಲಿ ಬಂದಾಗ ಅದೇ 22 ಬೈಟ್! ಒತ್ತಕ್ಷರ ಜಾಸ್ತಿ ಇರುವ ಹೆಸರಿಗೆ ಇನ್ನೂ ಕಷ್ಟ. ಇಂಗ್ಲಿಷ್ ಹೆಸರಿನ ಫೈಲಿಗೆ ಇದು ಯಾವುದೂ ತಟ್ಟುವುದಿಲ್ಲ, ಹಾಗಾಗಿ ಯಾರ ಪರೀಕ್ಷೆಯಲ್ಲೂ ಸಿಗುವುದಿಲ್ಲ. ನನಗೆ ಬೇಜಾರಾಗುವುದು ಇಲ್ಲೇ.

ಪರಿಹಾರ ಚಿಕ್ಕದು. ಗುರುತಿನ ಬಿಟ್ ಇಲ್ಲದ ಹೆಸರನ್ನು 437ಕ್ಕೆ ಹಿಂತಿರುಗಿಸಿ ಯುಟಿಎಫ್-8 ಆಗಿ ಓದಬೇಕು. ಪೈಥಾನ್ 3.11ರಿಂದ ಜಿಪ್ ತೆರೆಯುವಾಗಲೇ ಹೆಸರುಗಳ ಎನ್‌ಕೋಡಿಂಗ್, ಅಂದರೆ ಬೈಟುಗಳನ್ನು ಯಾವ ಪದ್ಧತಿಯಲ್ಲಿ ಓದಬೇಕು ಅಂತ, ಹೇಳಬಹುದು. ಜೊತೆಗೆ ಟೆಂಪ್‌ಗೆ ಬಿಚ್ಚುವುದನ್ನೇ ಬಿಟ್ಟೆವು. ಒಂದೊಂದೇ ಫೈಲ್ ಓದಿ ನೇರ ಎಸ್‌ಥ್ರೀಗೆ. ಅಲ್ಲಿ ಹೆಸರಿಗೆ 1024 ಬೈಟ್ ತನಕ ಜಾಗವಿದೆ.

ಸಂಜೆ ಹೊತ್ತಿಗೆ ಸಂಚಿಕೆ ಪೂರ್ತಿ ಬಂತು. ಈಗ ಕೋಡ್ ಬದಲಾದಾಗೆಲ್ಲ ಮೊದಲು ಓಡಿಸುವುದು ಗುರುತಿನ ಬಿಟ್ ಇಲ್ಲದ ಒಂದು ಜಿಪ್. ಅದರೊಳಗಿನ ಫೈಲುಗಳ ಹೆಸರನ್ನು ಮೇಷ್ಟ್ರೇ ಆರಿಸಿಕೊಟ್ಟರು, ಒತ್ತಕ್ಷರ ತುಂಬಿದವನ್ನೇ ಹುಡುಕಿ.