ಅಕ್ಕನಿಗೆ 74, ನಮಗೆ 21

ಕಣ್ಣಿನ ವೈದ್ಯರು ಪುಟವನ್ನು ಮಗುಚಿ ಅಕ್ಕನ ಮಗನ ಮುಂದೆ ಹಿಡಿದರು. ಸಣ್ಣ ದೊಡ್ಡ ಚುಕ್ಕೆಗಳು ಕಿಕ್ಕಿರಿದ ಒಂದು ವೃತ್ತ. ಇದರಲ್ಲಿ ಯಾವ ಸಂಖ್ಯೆ ಕಾಣುತ್ತದೆ ಎಂದು ಅವರು ಕೇಳಿದ ಮರುಕ್ಷಣವೇ ಇಬ್ಬರು ಒಟ್ಟಿಗೆ "ಇಪ್ಪತ್ತೊಂದು" ಎಂದೆವು: ಎಂಟು ವರ್ಷದ ಅವನು ಮತ್ತು ಆ ಪರೀಕ್ಷೆಗೆ ಸಂಬಂಧವೇ ಇಲ್ಲದೆ ಗೋಡೆಗೆ ಒರಗಿ ನಿಂತಿದ್ದ ನಾನು. ಅಕ್ಕ ಪುಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಅದು ಎಪ್ಪತ್ತನಾಲ್ಕಲ್ಲವೇ? ನಿನಗೂ ಇಪ್ಪತ್ತೊಂದೇ ಕಾಣುತ್ತದೆಯೇನೋ?"

ನಾಲ್ಕು ದಿನಗಳಾದರೂ ಆ ಪ್ರಶ್ನೆ ಕಿವಿಯಿಂದ ಇಳಿದಿಲ್ಲ. ಆ ಪುಟ ನನಗೆ ಹೊಸದಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಆಸೆಪಟ್ಟು ಅರ್ಜಿ ಹಾಕಿದ್ದ ಕೆಲಸವೊಂದರ ವೈದ್ಯಕೀಯ ಪರೀಕ್ಷೆಯಲ್ಲಿ ಇದೇ ಚುಕ್ಕೆಗಳ ಎದುರು ನಾನು ಸೋತಿದ್ದೆ. ಮನೆಗೆ ಬಂದು ಎತ್ತರ ಸಾಲಲಿಲ್ಲವೆಂದು ಹೇಳಿದೆ. ಮನೆಯವರಲ್ಲೆಲ್ಲ ಎತ್ತರದವನು ನಾನೇ ಆಗಿದ್ದರೂ ಯಾರೂ ಮರುಪ್ರಶ್ನೆ ಕೇಳಲಿಲ್ಲ. ಜಪಾನಿನ ವೈದ್ಯ ಶಿನೊಬು ಇಶಿಹಾರ ವರ್ಣಾಂಧತೆಯನ್ನು, ಅಂದರೆ ಕೆಂಪು ಹಸಿರಿನಂಥ ಬಣ್ಣಗಳ ಭೇದ ತಿಳಿಯದಿರುವುದನ್ನು, ಪತ್ತೆಹಚ್ಚಲು 1917ರಲ್ಲಿ ಪ್ರಕಟಿಸಿದ ಈ ಫಲಕಗಳು ನಮ್ಮಂಥವರ ಚಾಲಾಕಿಗಳನ್ನೆಲ್ಲ ಅರಿತೇ ರಚನೆಯಾದವು. ಬಣ್ಣ ತಿಳಿಯದವನು ತಿಳಿ, ಗಾಢ ಎಂಬ ವ್ಯತ್ಯಾಸ ಹಿಡಿದು ಸಂಖ್ಯೆಯನ್ನು ಊಹಿಸಬಾರದೆಂದು ಚುಕ್ಕೆಗಳ ಗಾತ್ರವನ್ನೂ ಹೊಳಪನ್ನೂ ಬೇಕೆಂದೇ ಏರುಪೇರು ಮಾಡಿದ್ದಾರೆ. ಅಷ್ಟೇ ಅಲ್ಲದೆ, ಉಳಿದವರಿಗೆ 74 ಕಾಣುವ ಕಡೆ ನಮಗೆ ಏನೂ ಕಾಣದೆ ಹೋಗುವುದಿಲ್ಲ, ಬೇರೆಯದೇ ಆದ 21 ಅಚ್ಚುಕಟ್ಟಾಗಿ ಕಾಣುತ್ತದೆ. ಕಾಣದಿದ್ದರೆ ಮನುಷ್ಯ ತಡವರಿಸುತ್ತಾನೆ. ತಪ್ಪಾಗಿ ಕಂಡಾಗ ಥಟ್ಟನೆ ಹೇಳಿಬಿಡುತ್ತಾನೆ. ನಾನು ಸಿಕ್ಕಿಬಿದ್ದದ್ದು ಹಾಗೆ.

ಹುಡುಗನನ್ನು ಅಲ್ಲಿಗೆ ಕರೆದೊಯ್ಯಬೇಕಾದದ್ದು ಒಂದು ಚಿತ್ರದಿಂದ. ಮರದ ಕಾಂಡಕ್ಕೆ ಹಸಿರು, ಎಲೆಗಳಿಗೆ ಕಂದು ಬಳಿದಿದ್ದನಂತೆ. 'ಬಳಿದಿದ್ದನಂತೆ' ಎಂದು ಬರೆಯುತ್ತಿದ್ದೇನೆ, ಏಕೆಂದರೆ ಆ ಚಿತ್ರವನ್ನು ಅವನು ಮೊದಲು ತೋರಿಸಿದ್ದು ನನಗೇ, ಮತ್ತು ನಾನು ಮನಸಾರೆ ಭೇಷ್ ಎಂದಿದ್ದೆ. ನನ್ನ ಕಣ್ಣಿಗೆ ಅದರಲ್ಲಿ ಒಂದು ಕುಂದೂ ಇರಲಿಲ್ಲ. ಅವನ ಶಿಕ್ಷಕಿಗೆ ಮಾತ್ರ ಅದು ಗಮನವಿಲ್ಲದ ಹುಡುಗನ ಕೆಲಸವಾಗಿ ಕಂಡಿತು, ಹಾಗೆಂದೇ ಪುಸ್ತಕದಲ್ಲಿ ಬರೆದು ಕಳುಹಿಸಿದರು. ಆಕೆ ಕೆಟ್ಟವರಲ್ಲ, ಅವಸರದವರು. ತರಗತಿಯಲ್ಲಿ ಪ್ರತಿವರ್ಷ ಇಂಥವನೊಬ್ಬ ಇರಬಹುದೆಂಬ ಸಂಶಯವಾದರೂ ಶಿಕ್ಷಕರಿಗೆ ಇರಬೇಕಿತ್ತು ಎಂದು ನನಗೆ ಅನಿಸುತ್ತದೆ. ಉತ್ತರ ಯೂರೋಪ್ ಮೂಲದ ಗಂಡಸರಲ್ಲಿ ಹನ್ನೆರಡಕ್ಕೆ ಒಬ್ಬನಂತೆ ಈ ನ್ಯೂನತೆ ಇದೆ, ಹೆಂಗಸರಲ್ಲಿ ಅದು 200ಕ್ಕೆ ಒಬ್ಬರಷ್ಟು.

ಹೊರಗೆ ಬಂದಾಗ ಅಕ್ಕ ಕೇಳಿದ್ದು ಇನ್ನೊಂದು ಪ್ರಶ್ನೆ. "ಹಾಗಾದರೆ ಇದು ನನ್ನಿಂದಲೇ ಬಂದದ್ದೇ?" ನಾನು ವಿವರಿಸತೊಡಗಿದೆ. ಅಕ್ಷಿಪಟಲದಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳು ಮೂರು ಬಗೆಯವು. ಅವುಗಳಲ್ಲಿ ಕೆಂಪು ಮತ್ತು ಹಸಿರಿನ ಭೇದವನ್ನು ಸಾಧ್ಯವಾಗಿಸುವ ಎರಡು ಬಗೆಗಳ ವಂಶವಾಹಿಗಳು ಎಕ್ಸ್ ವರ್ಣತಂತುವಿನಲ್ಲಿ ಅಕ್ಕಪಕ್ಕದಲ್ಲೇ ಇವೆ. ಹೆಣ್ಣಿಗೆ ಎಕ್ಸ್ ಎರಡಿರುವುದರಿಂದ ಒಂದರಲ್ಲಿ ದೋಷವಿದ್ದರೂ ಇನ್ನೊಂದು ಸಾಮಾನ್ಯವಾಗಿ ಅದನ್ನು ತುಂಬಿಕೊಡುತ್ತದೆ, ಗಂಡಿಗೆ ಇರುವುದು ಒಂದೇ, ಅದೂ ತಾಯಿಯಿಂದ ಬಂದದ್ದು. ಅಮ್ಮನಿಂದ ನನಗೆ ಬಂದಿದೆ, ಅಮ್ಮನಿಂದ ನಿನ್ನ ಮೂಲಕ ಇವನಿಗೂ ಬಂದಿದೆ, ನನ್ನ ಮಗಳೂ ಇದನ್ನು ಹೊತ್ತೇ ಹುಟ್ಟಿದ್ದಾಳೆ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಇಷ್ಟೆಲ್ಲ ಗೊತ್ತಿದ್ದವನು, ಆ ಮರದ ಚಿತ್ರಕ್ಕಾಗಿ ನಾನು ಇವನನ್ನು ಬೈಯುತ್ತಿದ್ದಾಗ ಎದುರಿಗೇ ಕೂತಿದ್ದೆಯಲ್ಲ" ಎಂದಳು.

ಕೂತಿದ್ದೆ. ಅವಳು ಕಾಂಡದ ಮೇಲೆ ಬೆರಳಿಟ್ಟು "ಇದು ಹಸಿರಲ್ಲವೇನೋ" ಎಂದು ಮಗನನ್ನು ಗದರಿಸಿದ ಕ್ಷಣದಲ್ಲೇ ನನಗೆ ಎಲ್ಲವೂ ತಿಳಿದುಹೋಗಿತ್ತು. ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನನ್ನ ಗುಟ್ಟೂ ಹೊರಬೀಳುತ್ತಿತ್ತು. ಆಮೇಲೆ ಒಂದು ವರ್ಷ ಅವನು ಬೈಗುಳ ತಿಂದ.

ಮುಚ್ಚಿಡುವುದು ಅಭ್ಯಾಸವಾಗಿಬಿಡುತ್ತದೆ. ಬಟ್ಟೆಯನ್ನು ಬಿಳಿ, ಕಪ್ಪು, ನೀಲಿಗಳಲ್ಲಷ್ಟೇ ಕೊಳ್ಳುತ್ತೇನೆ. ಸಿಗ್ನಲ್ ದೀಪವನ್ನು ಬಣ್ಣದಿಂದಲ್ಲ, ಜಾಗದಿಂದ ಗುರುತಿಸುತ್ತೇನೆ. ಹಣ್ಣು ಮಾಗಿದೆಯೇ ಎಂದು ಒತ್ತಿ, ಮೂಸಿ ನೋಡುತ್ತೇನೆ. ನೇರಳೆ ಎಂಬುದು ನನ್ನ ಮಟ್ಟಿಗೆ ನೀಲಿಗೆ ಜನ ಇಟ್ಟುಕೊಂಡಿರುವ ಇನ್ನೊಂದು ಹೆಸರು. ಸೋಲುವುದು ಚಾರ್ಜರಿನ ಆ ಕಡಲೆಕಾಳಿನಷ್ಟು ದೀಪದ ಎದುರು: ತುಂಬುವಾಗ ಕೆಂಪು, ತುಂಬಿದ ಮೇಲೆ ಹಸಿರು, ಎರಡೂ ಒಂದೇ ಜಾಗದಲ್ಲಿ. ನನಗೆ ಅದು ಉರಿಯುತ್ತಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಎಲ್ಲವೂ ಕಪ್ಪು ಬಿಳುಪಾಗಿ ಕಾಣುತ್ತದೆಯೇ ಎಂದು ಕೇಳುವವರಿದ್ದಾರೆ. ಹಾಗೆ ಕಾಣುವುದು ತೀರ ಅಪರೂಪದ ಬೇರೆ ಸ್ಥಿತಿ. ವಿಶೇಷ ಕನ್ನಡಕ ಹಾಕಿದ ತಕ್ಷಣ ಜನ ಅಳುವ ವಿಡಿಯೋಗಳನ್ನು ಕಳುಹಿಸುವವರೂ ಇದ್ದಾರೆ. ಆ ಗಾಜು ಕೆಲವು ತರಂಗಾಂತರಗಳ ಬೆಳಕನ್ನು ಸೋಸಿ, ಕೆಲವರಿಗೆ ಕೆಲವು ಬಣ್ಣಗಳ ನಡುವಿನ ಅಂತರವನ್ನು ಹೆಚ್ಚಿಸುತ್ತದೆಯೇ ಹೊರತು ಇಲ್ಲದ ಶಂಕುಕೋಶವನ್ನು ಹುಟ್ಟಿಸುವುದಿಲ್ಲ.

ಈ ವಾರ ಜಾನ್ ಡಾಲ್ಟನ್ ಪದೇ ಪದೇ ನೆನಪಾಗುತ್ತಿದ್ದಾನೆ. ಪರಮಾಣು ಸಿದ್ಧಾಂತದ ಆ ಡಾಲ್ಟನ್‌ಗೆ 1792ರಲ್ಲಿ ಜೆರೇನಿಯಂ ಹೂವೊಂದು ಹಗಲಿನಲ್ಲಿ ಆಕಾಶನೀಲಿಯಾಗಿ, ಮೇಣದಬತ್ತಿಯ ಬೆಳಕಿನಲ್ಲಿ ಕೆಂಪಾಗಿ ಕಂಡಿತು. ಬೆರಗಾಗಿ ಗೆಳೆಯರನ್ನು ಕೇಳಿದರೆ ಯಾರಿಗೂ ಹಾಗೆ ಕಾಣಲಿಲ್ಲ, ಅವನ ಅಣ್ಣನೊಬ್ಬನಿಗೆ ಬಿಟ್ಟು. 1794ರಲ್ಲಿ ಅವನು ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ಇದನ್ನೆಲ್ಲ ಬಹಿರಂಗವಾಗಿ ಓದಿದ. ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕೆಂಬ ಅವನ ಊಹೆ ತಪ್ಪು. 1844ರಲ್ಲಿ ಅವನು ತೀರಿಕೊಂಡ ಮೇಲೆ, ಅವನ ಇಚ್ಛೆಯಂತೆಯೇ, ವೈದ್ಯರು ಕಣ್ಣು ತೆರೆದು ನೋಡಿದಾಗ ದ್ರವ ತಿಳಿಯಾಗಿತ್ತು. ಉಳಿಸಿಟ್ಟಿದ್ದ ಕಣ್ಣಿನ ಡಿಎನ್‌ಎಯಲ್ಲಿ ಹಸಿರಿನ ಕಡೆಯ ವಂಶವಾಹಿಯೇ ಇಲ್ಲವೆಂಬುದು 1995ರಲ್ಲಿ ಹೊರಬಂತು. ಊಹೆ ತಪ್ಪಿದ್ದರ ಬಗ್ಗೆ ನನಗೇನೂ ಅನಿಸುವುದಿಲ್ಲ. ಕಂಡದ್ದು ಹೀಗೆ ಎಂದು ನಾಲ್ಕು ಜನರ ಮುಂದೆ ಹೇಳಿದನಲ್ಲ, ಅದರ ಬಗ್ಗೆ ಹೊಟ್ಟೆಕಿಚ್ಚು.

ನಿನ್ನೆ ಅಕ್ಕ ಕ್ರೇಯಾನ್ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತಿದ್ದಳು. ಹೆಸರು ಅಚ್ಚಾಗಿದ್ದ ಕಾಗದಗಳನ್ನು ಹುಡುಗ ಎಂದೋ ಸುಲಿದು ಹಾಕಿದ್ದ, ಬರಿಯ ಮೇಣದ ಕಡ್ಡಿಗಳು ಉಳಿದಿದ್ದವು. ಅವಳು ಚೀಟಿಯ ಮೇಲೆ ಬರೆಯುವುದು, ನಾನು ಅಂಟಿಸುವುದು. ಹುಡುಗ ಡಬ್ಬಿಯಿಂದ ಎರಡು ಕಡ್ಡಿಗಳನ್ನು ಎತ್ತಿ ನನ್ನ ಅಂಗೈ ಮೇಲೆ ಜೋಡಿಸಿಟ್ಟು, "ಮಾಮ, ಇವೆರಡೂ ಒಂದೇ ತಾನೇ?" ಎಂದ. ಕಿಟಕಿಯ ಬಳಿ ಒಯ್ದು ತಿರುಗಿಸಿ ತಿರುಗಿಸಿ ನೋಡಿದೆ. "ಹೌದು, ಒಂದೇ" ಎಂದೆ. ಅಕ್ಕ ತಲೆ ಎತ್ತಿ ಒಮ್ಮೆ ನೋಡಿ, ಒಂದು ಚೀಟಿಯ ಮೇಲೆ 'ಹಸಿರು' ಎಂದೂ ಇನ್ನೊಂದರ ಮೇಲೆ 'ಕಂದು' ಎಂದೂ ಬರೆದು, ಯಾವುದು ಯಾವುದಕ್ಕೆಂದು ತಾನೇ ಅಂಟಿಸಿದಳು.