ಗಿಣಿಗೇರಾ–ಸಿಂಧನೂರು ರೈಲು: ಹತ್ತುವ ಮೊದಲು ಓದಿ

ಸಿಂಧನೂರಿಗೆ ರೈಲು ಬಂತು ಅಂದ ಕೂಡಲೇ ಅಲ್ಲಿಂದ ರಾಯಚೂರಿಗೂ ಹಳಿ ಇದೆ ಅಂದುಕೊಳ್ಳುವವರು ಬಹಳ ಮಂದಿ. ನಮ್ಮ ಡಬ್ಬಿಯಲ್ಲೇ ಮಂತ್ರಾಲಯಕ್ಕೆ ಹೊರಟ ಒಂದು ಕುಟುಂಬವಿತ್ತು. ಕಾರಟಗಿ ದಾಟಿದ ಮೇಲೆ ಅವರಿಗೆ ಗೊತ್ತಾಯಿತು, ಮುಂದೆ ಬಸ್ಸೇ ಗತಿ ಅಂತ. ಈ ಹಳಿ ಸೇರಿರುವ ಮುನಿರಾಬಾದ್–ಮಹಬೂಬ್‌ನಗರ ಯೋಜನೆ ಮಂಜೂರಾದದ್ದು 1997-98ರಲ್ಲಿ. ಸಿಂಧನೂರಿಗೆ ಗಾಡಿ ಬಂದದ್ದು 2024ರ ಮಾರ್ಚ್‌ನಲ್ಲಿ. ತೆಲಂಗಾಣದ ಕಡೆಯಿಂದ ರಾಯಚೂರಿನ ಹತ್ತಿರದ ಕೃಷ್ಣಾ ನಿಲ್ದಾಣದವರೆಗಿನ ಹಳಿ 2023ರಲ್ಲೇ ಮುಗಿದಿದೆ. ನಡುವಿನ ಸಿಂಧನೂರು–ರಾಯಚೂರು ತುಂಡು ನಾವು ಹೋದಾಗ ಇನ್ನೂ ಬಾಕಿ ಇತ್ತು.

ಎರಡನೆಯ ಮಾತು ಗೂಡ್ಸ್ ಗಾಡಿಯದು. ಹುಬ್ಬಳ್ಳಿ ಕಡೆಯಿಂದ ಬರುವ ರೈಲು ಗಿಣಿಗೇರಾದಲ್ಲಿ ಮುಖ್ಯ ಮಾರ್ಗ ಬಿಟ್ಟು ಗಂಗಾವತಿ ಕಡೆ ತಿರುಗುತ್ತದೆ. ಸುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು. ಅದಿರು, ಕಲ್ಲಿದ್ದಲಿನ ಗಾಡಿಗಳಿಗೆ ಅಲ್ಲಿ ಬಿಡುವಿಲ್ಲ. ಭರ್ತಿ ಗೂಡ್ಸ್ ಅಂದರೆ ಸುಮಾರು 58 ಡಬ್ಬಿ, ಉದ್ದ ಅರ್ಧ ಕಿಲೋಮೀಟರಿಗೂ ಹೆಚ್ಚು. ಅದನ್ನು ಒಮ್ಮೆ ನಿಲ್ಲಿಸಿದರೆ ಮತ್ತೆ ಓಟಕ್ಕೆ ತರುವುದು ಸಣ್ಣ ಕೆಲಸವಲ್ಲ. ಹಾಗಾಗಿ ಲೂಪ್ ಲೈನಿನಲ್ಲಿ, ಅಂದರೆ ನಿಲ್ದಾಣದ ಪಕ್ಕದ ಹಳಿಯಲ್ಲಿ, ಕಾಯುವ ಪಾಳಿ ಎಷ್ಟೋ ಸಲ ನಮ್ಮಂಥ ಪುಟ್ಟ ಗಾಡಿಯದೇ. ಕಿಟಕಿ ಪಕ್ಕದ ಹಿರಿಯರೊಬ್ಬರು ಎಲೆ-ಅಡಿಕೆ ಮಡಿಚುತ್ತ, ‘ಅದರ ಬಾಲ ಕಾಣೂತನಕ ಏಳಬ್ಯಾಡ್ರಿ ತಮ್ಮಾ, ಆಮ್ಯಾಲೆ ನಮ್ದು’ ಅಂದರು. ಬಾಲ ಕಾಣುವಷ್ಟರಲ್ಲಿ ಅವರ ಎರಡನೆಯ ಎಲೆಯೂ ಮುಗಿದಿತ್ತು. ವಾಪಸು ಬರುವಾಗ ಗದಗ, ಹುಬ್ಬಳ್ಳಿಯಲ್ಲಿ ಬೇರೆ ರೈಲು ಹಿಡಿಯುವವರು ನಡುವೆ ಎರಡು-ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಗಿಣಿಗೇರಾದಿಂದ ಒಳಗೆ ಹೋದರೂ ಒಂಟಿ ಹಳಿಯೇ, ಎದುರು ಗಾಡಿ ಇದ್ದರೆ ಮತ್ತೆ ಕಾಯಬೇಕು.

ಇಷ್ಟಾದರೂ ನಾನು ಬಸ್ಸಿಗಿಂತ ರೈಲನ್ನೇ ಹೇಳುವವನು. ಜನ ಎಷ್ಟಿದ್ದರೂ ನನಗೆ ಬೇಸರವಿಲ್ಲ, ಕಾಲು ಚಾಚಲು ಜಾಗ, ಒಂದು ಶೌಚಾಲಯ ಇದ್ದರೆ ಸಾಕು. ಗಂಗಾವತಿಯವರೆಗೆ ಬಂಡೆಗುಡ್ಡ, ಆಮೇಲೆ ಕಾರಟಗಿಯವರೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೋದರೆ ಕಣ್ಣಿಗೆ ಹಸಿರು. ಬೇಸಿಗೆಯಲ್ಲಿ ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ ನೋಡಲು ಏನೂ ಇಲ್ಲ, ಬರೀ ಸೆಕೆ.

ಗಂಗಾವತಿ ನಿಲ್ದಾಣದ ಹೊರಗೆ ಒಬ್ಬ ಆಟೋದವ ಪೂರಾ ಆಟೋದ ಬಾಡಿಗೆ ಮಾತಾಡಿ, ನೂರು ಮೀಟರ್ ಹೋಗುವುದರೊಳಗೆ ಇನ್ನೂ ನಾಲ್ವರನ್ನು ತುಂಬಿದ. ಇಳಿದಾಗ ಅವರಿಂದಲೂ ದುಡ್ಡು, ನಮ್ಮಿಂದಲೂ ಪೂರ್ತಿ ದುಡ್ಡು. ‘ಸೀಟಿಗೆ ಎಷ್ಟು?’ ಅಂತಲೇ ಕೇಳಿ. ಶನಿವಾರ ರೂಮು ಹುಡುಕಲೇಬೇಡಿ. ಹನುಮನ ಬೆಟ್ಟ ಅಂಜನಾದ್ರಿಗೆ ಬರುವವರ ದೆಸೆಯಿಂದ, ನಾವು ಇಳಿದ ಲಾಡ್ಜಿನವನು ಬಾಗಿಲಿಗೆ ಚಿಲಕವಿಲ್ಲದ ಕೋಣೆಗೆ ಫೋನಿನಲ್ಲಿ ಹೇಳಿದ್ದರ ಎರಡು ಪಟ್ಟು ಕೇಳಿದ.

ಆ ಸಿಟ್ಟು ಇಳಿಸಿದ್ದು ಮಾರುಕಟ್ಟೆ ಹತ್ತಿರದ ಒಂದು ತಗಡಿನ ಶೆಡ್ಡು. ಹೆಸರಿನ ಬೋರ್ಡಿಲ್ಲ, ಬೆಳಗ್ಗೆ ಏಳಕ್ಕೇ ಜನ ನಿಂತಿರುತ್ತಾರೆ. ಸಿಗುವುದು ಎರಡೇ, ವಗ್ಗರಣಿ ಮತ್ತು ಮಿರ್ಚಿ. ಮಂಡಕ್ಕಿಯನ್ನು ನೀರಿಗೆ ಹಾಕಿ ಕೂಡಲೇ ಹಿಂಡಿ ತೆಗೆಯುತ್ತಾಳೆ ಅಜ್ಜಿ. ಒಂದು ಕ್ಷಣ ಹೆಚ್ಚಾದರೆ ಮುದ್ದೆ. ಈರುಳ್ಳಿ, ಹಸಿಮೆಣಸು, ಅರಿಶಿನದ ಒಗ್ಗರಣೆಯಲ್ಲಿ ತಿರುವಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ನಿಂಬೆಹಣ್ಣು ಹಿಂಡುತ್ತಾಳೆ. ಮಿರ್ಚಿಯ ಹೊಟ್ಟೆಯೊಳಗೆ ಅಜವಾನ, ಉಪ್ಪು. ಒಂದು ತುತ್ತು ವಗ್ಗರಣಿ, ಒಂದು ಕಡಿತ ಮಿರ್ಚಿ, ಹಾಗೆಯೇ ತಿನ್ನಬೇಕು. ಚಮಚ ಕೇಳಿದ ನನ್ನ ಗೆಳೆಯನನ್ನು ಅಜ್ಜಿ ಮೇಲಿಂದ ಕೆಳಗೆ ನೋಡಿದಳು. ನಾವು ಕೊಟ್ಟದ್ದು ತಟ್ಟೆಗೆ 30 ರೂಪಾಯಿ. ಮರುದಿನವೂ ಅಲ್ಲಿಗೇ ಹೋದೆವು.

ಆನೆಗೊಂದಿ ಬಗ್ಗೆ ಬರೆದವರು ಸಾಕಷ್ಟಿದ್ದಾರೆ, ನಾನು ಬಿಡುತ್ತೇನೆ. ಜನಜಾತ್ರೆ ಬೇಡವೆನ್ನುವವರು ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿ. ಕಬ್ಬಿಣ ಯುಗದ ಬೃಹತ್ ಶಿಲಾ ಸಮಾಧಿಗಳು, ಆಳೆತ್ತರದ ಚಪ್ಪಡಿಕಲ್ಲಿನ ಮನೆಗಳಂತೆ ನಿಂತಿವೆ. ಮೇಲೆ ನೀರೂ ಇಲ್ಲ, ಅಂಗಡಿಯೂ ಇಲ್ಲ. ದಾರಿ ತೋರಿಸಲು ಊರಿನ ಒಬ್ಬರನ್ನು ಕರೆದುಕೊಂಡು, ಹತ್ತು ಗಂಟೆಯೊಳಗೆ ಇಳಿದುಬಿಡಿ.

ರಾಯಚೂರಿಗೆ ಹೋಗಲೇಬೇಕಾದವರು ಸಿಂಧನೂರಿನಲ್ಲಿ ಇಳಿದು ಮಾನ್ವಿ ಮೇಲೆ ಹೋಗುವ ಬಸ್ಸು ಹಿಡಿಯಬೇಕು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳು ಸದಾ ತುಂಬಿರುತ್ತವೆ. ಲಗೇಜು ಹೆಚ್ಚಿದ್ದರೆ ಒಂದು ಬಸ್ಸು ಬಿಟ್ಟು, ಅಲ್ಲಿಂದಲೇ ಹೊರಡುವ ಖಾಲಿ ಬಸ್ಸಿಗೆ ಕಾಯಿರಿ. ಊಟವನ್ನೂ ಸಿಂಧನೂರಿನಲ್ಲೇ ಮುಗಿಸಿ. ನಮ್ಮ ಬಸ್ಸು ಮಾನ್ವಿಯಲ್ಲಿ ನಿಂತದ್ದು ಜನ ಹತ್ತಿ ಇಳಿಯುವಷ್ಟು ಹೊತ್ತು ಮಾತ್ರ.