ಎರಡು ಕಾಲಮ್ಮಿಗೆ ಒಂದೇ ಧರ್ಮ

ಗೆಳತಿಯೂ ನಾನೂ ಸೇರಿ ಬರೆದ ಸಂಶೋಧನಾ ಪ್ರಬಂಧವನ್ನು ಪತ್ರಿಕೆಯೊಂದಕ್ಕೆ ಕಳಿಸಲು ಮೊನ್ನೆ ಗುರುವಾರ ರಾತ್ರಿ ಹನ್ನೊಂದೂವರೆಗೆ ಸಬ್ಮಿಟ್ ಒತ್ತಿದೆವು. ಹೋಯಿತು! ಮೂರು ವಾರ ನಮ್ಮಿಬ್ಬರ ನಿದ್ದೆ ಕೆಡಿಸಿದ ಒಂದು ಟೇಬಲ್ಲಿನ ಕತೆಯನ್ನು ಬಿಸಿ ಆರುವ ಮುಂಚೆ ಬರೆದಿಡುತ್ತಿದ್ದೇನೆ. ಕನ್ನಡ ಪದಗಳನ್ನು ಇಟ್ಟುಕೊಂಡು ಓದಿನ ಪ್ರಯೋಗ ಮಾಡುವವರು ಒಂದಲ್ಲ ಒಂದು ದಿನ ಇದೇ ಗುಂಡಿಯ ಹತ್ತಿರ ಬಂದೇ ಬರುತ್ತೀರಿ.

ಸೈಕೋಪೈ ಎಂಬ ತಂತ್ರಾಂಶದಲ್ಲಿ ಪ್ರಯೋಗ ಕಟ್ಟಿದ್ದು, ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್‌ನಲ್ಲಿ ಮಾಡೆಲ್ ಕೂರಿಸಿದ್ದು ಹಿಂದೆಯೇ ಬರೆದಾಗಿದೆ. ಪ್ರಬಂಧ ಬರೆಯುವ ಎಪಿಎ ಶೈಲಿ ಕೈಪಿಡಿಯ 7ನೇ ಆವೃತ್ತಿಯ ಡಬಲ್ ಸ್ಪೇಸು, 250 ಪದ ಮೀರದ ಸಾರಾಂಶ, ಇವೆಲ್ಲ ನಿಮಗೆ ಗೊತ್ತಿರುವುದೇ. ನೇರ ಟೇಬಲ್ 1ಕ್ಕೆ ಬರುತ್ತೇನೆ.

ನಮ್ಮ ಪ್ರಶ್ನೆ ಅರ್ಕಾವತ್ತಿನದು. ‘ಧರ್ಮ’ ಅನ್ನುವಾಗ ನಾಲಿಗೆಗೆ ಮೊದಲು ಸಿಗುವುದು ರ್, ಆಮೇಲೆ ಮ. ಕಣ್ಣಿಗೆ ಮೊದಲು ಸಿಗುವುದು ಮ, ಅದರ ಬಲಕ್ಕೆ ಅರ್ಕಾವತ್ತು. ಅದೇ ಪದವನ್ನು ರಕಾರ ಇಟ್ಟು, ಅದರ ಕೆಳಗೆ ಮಕಾರದ ಒತ್ತು ಕೊಟ್ಟು ‘ಧರ‍್ಮ’ ಎಂದೂ ಬರೆಯಬಹುದು. ಉಚ್ಚಾರ ಅದೇ, ಅರ್ಥ ಅದೇ, ಕಣ್ಣಿಗೆ ಬೀಳುವ ಕ್ರಮ ಮಾತ್ರ ಬೇರೆ. ಪ್ರಯೋಗ ಮಾಡುವವರಿಗೆ ಇಷ್ಟು ಅಚ್ಚುಕಟ್ಟಾದ ಜೋಡಿಯನ್ನು ಇನ್ನೊಂದು ಲಿಪಿ ಕೊಟ್ಟೀತೇ? ಅರ್ಕಾವತ್ತಿನ ರೂಪವೇ ಎಲ್ಲರಿಗೂ ಹೆಚ್ಚು ರೂಢಿ ಎಂಬ ತಕರಾರನ್ನು, ಪ್ರಕಟಣೆಗೆ ಮುಂಚೆ ಪ್ರಬಂಧ ಪರಿಶೀಲಿಸುವ ವಿಮರ್ಶಕರು ತೆಗೆದೇ ತೆಗೆಯುತ್ತಾರೆ. ಅದಕ್ಕೆ ಓದುಗರಿಂದಲೇ ಪರಿಚಿತತೆಯ ಅಂಕ ಹಾಕಿಸಿಕೊಂಡಿದ್ದೇವೆ.

ಟೇಬಲ್ 1ರಲ್ಲಿ ಎಡಕ್ಕೆ ಅರ್ಕಾವತ್ತಿನ ರೂಪ, ಬಲಕ್ಕೆ ಒತ್ತಿನ ರೂಪ. ವರ್ಡ್ ಫೈಲಿನಲ್ಲಿ ಚೆನ್ನಾಗಿಯೇ ಇತ್ತು. ಪತ್ರಿಕೆಯ ಪೋರ್ಟಲ್ ಅದನ್ನು ತಾನೇ ಪಿಡಿಎಫ್ ಮಾಡಿ, ‘ನೋಡಿ ಒಪ್ಪಿಗೆ ಕೊಡಿ’ ಅಂತ ಮುಂದಿಟ್ಟಿತು. ನೋಡಿದರೆ ಎಡಕ್ಕೂ ಧರ್ಮ, ಬಲಕ್ಕೂ ಧರ್ಮ. ಸೂರ್ಯ, ಸೂರ್ಯ. ಕಾರ್ಯ, ಕಾರ್ಯ. ಇಡೀ ಪ್ರಬಂಧ ಯಾವ ವ್ಯತ್ಯಾಸದ ಮೇಲೆ ನಿಂತಿದೆಯೋ ಅದೇ ಮಾಯ. ಒಪ್ಪಿಗೆ ಕೊಟ್ಟಿದ್ದರೆ ವಿಮರ್ಶಕರ ಕೈಗೆ ಹೋಗುತ್ತಿದ್ದದ್ದು ಆ ಪಿಡಿಎಫ್ಫೇ.

ಮೊದಲು ಫಾಂಟಿನ ಮೇಲೆ ಅನುಮಾನ. ತುಂಗಾ ತೆಗೆದು ನೋಟೋ ಸಾನ್ಸ್ ಕನ್ನಡ ಹಾಕಿದೆ, ಫಾಂಟನ್ನು ಫೈಲಿನೊಳಗೇ ಸೇರಿಸಿ ಕಳಿಸಿದೆ, ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಗೆಳತಿಗೆ ಹೊಳೆದದ್ದು ‘ರ‍್ಯಾಂಕ್’. ದಿನವೂ ಪೇಪರಿನಲ್ಲಿ ನೋಡುವ ಪದ. ಅದನ್ನೊಂದೇ ಬರೆದು ಪರೀಕ್ಷೆಗೆ ಏರಿಸಿದಳು. ರಕಾರದ ಕೆಳಗಿದ್ದ ಯಒತ್ತು ಹೋಗಿ ಯಾ ಪಕ್ಕ ಅರ್ಕಾವತ್ತು ಬಂದು ಕೂತಿತ್ತು. ಕಳ್ಳ ಸಿಕ್ಕಿದ. ಈ ರೂಪಕ್ಕೆ ರಕಾರಕ್ಕೂ ವಿರಾಮಕ್ಕೂ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ) ನಡುವೆ ಝೀರೋ ವಿಡ್ತ್ ಜಾಯ್ನರ್ ಎಂಬ ಕಾಣದ ಅಕ್ಷರ ಬೇಕು. ಪೋರ್ಟಲ್ ಅದನ್ನು ಕಸ ಅಂದುಕೊಂಡು ಗುಡಿಸಿ ಹಾಕುತ್ತಿತ್ತು. ಪತ್ರಿಕೆಯ ಕಚೇರಿಗೆ ಎರಡು ಮೇಲ್ ಬರೆದೆ. ‘ಟೇಬಲ್ ತಿದ್ದಲು ಬರುವ ಹಾಗೇ ಇರಬೇಕು, ಚಿತ್ರವಾಗಿ ಒಪ್ಪುವುದಿಲ್ಲ’ ಎಂಬ ಒಂದೇ ಸಾಲು ಎರಡು ಸಲವೂ ಬಂತು.

ಈ ನಡುವೆ, ದುಡ್ಡು ಕೊಟ್ಟು ಇಂಗ್ಲಿಷ್ ತಿದ್ದಿಸಿದ ಸಂಸ್ಥೆಯಿಂದ ಪ್ರತಿ ವಾಪಸ್ ಬಂತು. ‘ಅಕ್ಷರ’ ಇದ್ದಲ್ಲೆಲ್ಲ ‘ಲೆಟರ್’ ಮಾಡಿಟ್ಟಿದ್ದಾರೆ! ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅದರೊಳಗೆ ಮೂರು ವ್ಯಂಜನ, ಒಂದು ಸ್ವರ. ಅದನ್ನು ಯಾವ ಲೆಟರ್ ಅನ್ನೋಣ? ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಬರೆದ ಇಂಗ್ಲಿಷ್ ಪ್ರಬಂಧದಲ್ಲೇ ‘ಅಕ್ಷರ’ ಪರಿಭಾಷೆಯಾಗಿ ಇದೆ. ಒಂದೊಂದನ್ನೂ ಹುಡುಕಿ ಹಿಂದಕ್ಕೆ ತಿರುಗಿಸಲು ಒಂದು ಭಾನುವಾರ ಪೂರ್ತಿ ಹೋಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಹಾಗೆ ಹುಡುಕುತ್ತಿದ್ದಾಗಲೇ ನಮ್ಮ ಹಳೆಯ ಪದಪಟ್ಟಿಯಲ್ಲಿ ಯಾರೋ ‘ಧಮ೯’ ಎಂದು ಟೈಪ್ ಮಾಡಿದ್ದು ಕಣ್ಣಿಗೆ ಬಿತ್ತು. ಅರ್ಕಾವತ್ತಿನ ಜಾಗದಲ್ಲಿ ಒಂಬತ್ತು! ಅಂಗಡಿ ಬೋರ್ಡು, ಮದುವೆ ಕಾಗದಗಳಲ್ಲಿ ನೀವೂ ನೋಡಿರುತ್ತೀರಿ. ಪದದ ನಡುವಿನ ಆ ಅಂಕಿಯನ್ನು ಓದುಗರು ಗಮನಿಸುತ್ತಾರೋ, ಸಲೀಸಾಗಿ ರ್ ಎಂದೇ ಓದಿಕೊಂಡು ಹೋಗುತ್ತಾರೋ? ಮುಂದಿನ ಪ್ರಯೋಗ ಇದೇ. ನೋಟ್‌ಬುಕ್ಕಿನಲ್ಲಿ ಎರಡು ಪುಟ ತುಂಬಿಸಿಯೂ ಆಯಿತು.

ಮತ್ತೆ ಟೇಬಲ್ಲಿಗೆ. ಐಎಸ್ಓ 15919 ಎಂಬ ಲಿಪ್ಯಂತರ ನಿಯಮದ ಪ್ರಕಾರ ರೋಮನ್ ಲಿಪಿಗೆ ತಂದರೆ ಎರಡು ರೂಪಕ್ಕೂ ಒಂದೇ ಬರಹ ಬರುತ್ತದೆ. ಹಾಗಾಗಿ ಕನ್ನಡವನ್ನು ತೋರಿಸದೆ ಗತಿಯಿಲ್ಲ. ಕೊನೆಗೆ ಕೆಲಸವನ್ನು ಎರಡು ಪಾಲು ಮಾಡಿದೆವು. ಟೇಬಲ್ಲಿನಲ್ಲಿ ರೋಮನ್ ಬರಹ, ಅರ್ಥ, ಸಾಲಿನ ಸಂಖ್ಯೆ ಮಾತ್ರ. ಕನ್ನಡದ ಎರಡೂ ರೂಪ ಅದೇ ಸಂಖ್ಯೆಯೊಂದಿಗೆ ಚಿತ್ರ 1ರಲ್ಲಿ.

ಚಿತ್ರವೂ ಒಂದೇ ಏಟಿಗೆ ಒಲಿಯಲಿಲ್ಲ. ಆರ್‌ನ ಮಾಮೂಲಿ ಪಿಡಿಎಫ್ ಡಿವೈಸ್‌ಗೆ ಕನ್ನಡ ಅಕ್ಷರ ಬರೆಯಲೇ ಬರುವುದಿಲ್ಲ. ಅಕ್ಷರಗಳ ಜಾಗದಲ್ಲಿ ಬರೀ ಚುಕ್ಕಿಗಳನ್ನು ಉದುರಿಸಿತು. ಕೈರೋ ಪಿಡಿಎಫ್‌ಗೆ ಬದಲಿಸಿದೆ. ಅದು ಅಕ್ಷರ ಜೋಡಣೆಯನ್ನು ಪ್ಯಾಂಗೋ ಎಂಬ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಪರದೆಯ ಮೇಲೆ ಒತ್ತು ರಕಾರದ ಕೆಳಗೆ ಬಂದು ನೆಟ್ಟಗೆ ಕೂತದ್ದು ನೋಡಿ ಇಬ್ಬರೂ ಜೋರಾಗಿ ಕೂಗಿದೆವು, ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು. ಅದನ್ನೇ 600 ಡಿಪಿಐ ಟಿಫ್ ಮಾಡಿ ಏರಿಸಿದೆವು. ಚಿತ್ರದೊಳಗಿನ ಅಕ್ಷರವನ್ನು ಗುಡಿಸಲು ಯಾವ ಪೋರ್ಟಲ್ಲಿಗೂ ಆಗುವುದಿಲ್ಲ.

ಒಪ್ಪಿಗೆ ಕೊಡುವ ಮೊದಲು ಇನ್ನೊಂದು ಸಲ ಜಾಲಾಡಿದ್ದು ಒಳ್ಳೆಯದಾಯಿತು. ಲೇಖಕರು ಯಾರೆಂದು ವಿಮರ್ಶಕರಿಗೆ ತಿಳಿಯಬಾರದಲ್ಲ, ಮೊದಲ ಪುಟದಿಂದ ಹೆಸರು ತೆಗೆದಿದ್ದೆವು. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಮಾತ್ರ ಗೆಳತಿಯ ಪೂರ್ತಿ ಹೆಸರು ಹಾಗೇ ಕೂತಿತ್ತು. ಸಂಶೋಧನೆಯ ಕಡತಗಳನ್ನು ಹಂಚಿಕೊಳ್ಳುವ ಓಎಸ್ಎಫ್ ತಾಣದ ಕೊಂಡಿಯೂ ನಮ್ಮ ಹೆಸರಿದ್ದ ಪುಟಕ್ಕೇ ಹೋಗುತ್ತಿತ್ತು. ಅನಾಮಧೇಯ ಕೊಂಡಿ ಮಾಡಿಸಿ ಬದಲಿಸಿದೆವು.

ಇವತ್ತು ಬೆಳಿಗ್ಗೆ ನೋಡಿದಾಗ ಪ್ರಬಂಧ ಸಂಪಾದಕರ ಕೈ ಸೇರಿದೆ ಎಂದು ತೋರಿಸುತ್ತಿತ್ತು. ಚಿತ್ರ 1 ತಯಾರಿಸುವ ಆರ್ ಕೋಡನ್ನು ಚೊಕ್ಕ ಮಾಡಿ ಮುಂದಿನ ವಾರ ಇಲ್ಲೇ ಹಾಕುತ್ತೇನೆ. ಅಷ್ಟರೊಳಗೆ ‘ಧಮ೯’ದಂಥ ಬೋರ್ಡು ಎಲ್ಲಾದರೂ ಕಂಡರೆ ಒಂದು ಫೋಟೋ ತೆಗೆದಿಟ್ಟಿರಿ.